ಕಡವೆಗೆ ಈ ತೋಟೆ ಸಾಕಾ?

ನಮ್ಮ ಭಾವನವರನ್ನು ಶುಭಕಾರ್ಯಗಳಿಗೆ ಕರೆಯಬಾರದು. ಹಾಗೆಂದು ಅವರು ಕುಡಿದು ಗಲಾಟೆ ಮಾಡುವವರಲ್ಲ, ಜಗಳಗಂಟರೂ ಅಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಕುರ್ಚಿ ಜೋಡಿಸಿ, ಊಟಕ್ಕೆ ಬಡಿಸಲು ಸೊಂಟಕ್ಕೆ ಟವೆಲು ಕಟ್ಟಿ ನಿಲ್ಲುವ ಮನುಷ್ಯ. ಇರುವ ದೋಷ ಒಂದೇ. ಎದುರಿಗೆ ಸಿಕ್ಕವರು ಯಾರೇ ಆಗಲಿ, ಕ್ಷೇಮಸಮಾಚಾರ ಮುಗಿದ ಮರುಗಳಿಗೆ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ:

"ಅಲ್ಲ, ನಿಮಗೆ ಹೇಗೆ ಕಾಣ್ತದೆ? ತ್ರೀ-ಫಿಫ್ಟಿ-ಸೆವೆನ್ ತೋಟೆ ಕಡವೆಗೆ ಸಾಕಾ?"

ಮದುವೆ ಮನೆಯಲ್ಲಿ ಕೇಳುವ ಪ್ರಶ್ನೆಯೇ ಇದು? ಸೀಮಂತದಲ್ಲಿ ಕೇಳುವ ಪ್ರಶ್ನೆಯೇ?

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಈ ತ್ರೀ-ಫಿಫ್ಟಿ-ಸೆವೆನ್ ಎಂಬುದು ರಿವಾಲ್ವರಿಗೆಂದು ಹುಟ್ಟಿದ ತೋಟೆ. ತೀರಾ ಸಣ್ಣದಲ್ಲ, ದೊಡ್ಡದಂತೂ ಅಲ್ಲ; ಅಂಗಿ ಅಂಗಡಿಯ ಮೀಡಿಯಂ ಸೈಜು ಇದ್ದಂತೆ. ಅದನ್ನೇ ಹಾಕಿ ಹೊಡೆಯುವ ಗಿಡ್ಡ ಕೋವಿಯೊಂದನ್ನು ಭಾವ ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದಾರೆ. ಇನ್ನು ಕಡವೆ. ಹೌದು, ನಮ್ಮ ಘಟ್ಟದ ಕಡವೆಯೇ! ಯಾವುದೋ ಕಾಲದಲ್ಲಿ ಬಿಳಿಯರು ಹಡಗಿನಲ್ಲಿ ತಂದು ಇಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಾಡಿಗೆ ಬಿಟ್ಟರಂತೆ. ವೀಸಾ ಇಲ್ಲ, ಕಾಯಂ ವಾಸದ ಪಿಆರ್ ಇಲ್ಲ, ಇಂಗ್ಲಿಷ್ ಪರೀಕ್ಷೆಯಿಲ್ಲ. ಸುಖವಾಗಿ ಸಂಸಾರ ಬೆಳೆಸಿಕೊಂಡು ಕುದುರೆಯ ಗಾತ್ರಕ್ಕೆ ಕೊಬ್ಬಿವೆ. ಅಂಥ ಪ್ರಾಣಿಗೆ ಈ ಮೀಡಿಯಂ ಸೈಜು ಸಾಕೇ? ಹತ್ತಿರದಿಂದ ಹೊಡೆದರೆ ಧಾರಾಳ ಸಾಕು ಎಂದು ಬೇಟೆಗಾರರಲ್ಲಿ ಅರ್ಧ ಮಂದಿ. ಗಾಯವಾಗಿ ಓಡಿ ನರಳುತ್ತದೆ, ಪಾಪ ತಟ್ಟುತ್ತದೆ ಎಂದು ಇನ್ನರ್ಧ. ಭಾವ ಯಾವ ಪಕ್ಷಕ್ಕೂ ಸೇರಿದವರಲ್ಲ. ಅವರು ಕೇಳುವ ಪಕ್ಷ!

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಾನು ಮನೆ ಕೊಂಡಾಗ ಅಕ್ಕ, ಭಾವ ಮೆಲ್ಬರ್ನಿನಿಂದ ಕಾರಿನಲ್ಲಿ ಬಂದರು. ಗೃಹಪ್ರವೇಶದ ಪೂಜೆಗೆ ಒಬ್ಬರು ಭಟ್ಟರು. ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗು, ಶನಿವಾರ ಭಾನುವಾರ ಪೌರೋಹಿತ್ಯ. ವ್ರತಕಥೆ ಮುಗಿದು ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದೆ. ಹಿಂದಿನಿಂದ ಮೆಲುದನಿ ಕೇಳಿಸಿತು.

"ಭಟ್ರೇ, ಇದು ಕಡವೆಯ ಎದೆ ಅಂತ ಇಟ್ಟುಕೊಳ್ಳಿ."

ತಿರುಗಿ ನೋಡಿದರೆ ಭಾವನ ಕೈಯಲ್ಲಿ ಕಲಶದ ತೆಂಗಿನಕಾಯಿ! ಇನ್ನೊಂದು ಕೈಯಲ್ಲಿ ಒಂದು ಗೋಟಡಿಕೆ, ಅದು ಗುಂಡು.

"ಮೂವತ್ತು ಮೀಟರ್ ದೂರದಿಂದ ಹೀಗೆ ಬಂತು. ಒಳಗೆ ಹೋಗ್ತದಾ, ಇಲ್ಲವಾ?"

ಭಟ್ಟರು ಕಂಗಾಲಾಗಿ ನನ್ನ ಮುಖ ನೋಡಿದರು. ಆಮೇಲೆ ಬಹಳ ಯೋಚಿಸಿ, "ಟೆಸ್ಟ್ ಮಾಡದೆ ಹೇಳಕ್ಕಾಗಲ್ಲ ಸಾರ್" ಎಂದರು. ಕಸುಬು ಎಲ್ಲಿ ಬಿಡುತ್ತದೆ! ಭಾವನ ಮಗಳು, ಹೈಸ್ಕೂಲಿನವಳು, ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿ "ಡ್ಯಾಡ್, ಪ್ಲೀಸ್, ನಾಟ್ ದ ಡೀರ್!" ಎಂದು ನರಳಿದಳು. ನನಗೆ ಹುದುಗಲು ದಿಂಬೂ ಸಿಗಲಿಲ್ಲ. ನನ್ನ ಆಫೀಸಿನವರೆಲ್ಲ ಅಲ್ಲೇ ಕೂತಿದ್ದರು.

ಇನ್ನೊಮ್ಮೆ ಮೆಲ್ಬರ್ನಿನಲ್ಲಿದ್ದಾಗ ನನ್ನ ಹೆಗಲು ಹಿಡಿದುಕೊಂಡಿತು. ಭಾವನೇ ಕ್ಲೇಟನ್‌ನಲ್ಲಿ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಮೂಳೆ ತೋರಿಸುತ್ತಿದ್ದರು. ಭಾವ ಕನ್ನಡಕ ಏರಿಸಿ ಹತ್ತಿರ ಬಂದರು. ಎಷ್ಟು ಕಾಳಜಿ ಎಂದು ನಾನು ಕರಗಿದೆ. ಆಗ ಬಂತು, ಇಂಗ್ಲಿಷಿನಲ್ಲಿ:

"ಡಾಕ್ಟರ್, ಈ ಮೂಳೆಯನ್ನು ರಿವಾಲ್ವರಿನ ಗುಂಡು ದಾಟುತ್ತದೆಯೆ?"

ಡಾಕ್ಟರು ಮೊದಲು ಭಾವನನ್ನು ನೋಡಿದರು. ಆಮೇಲೆ ಬಹಳ ಕನಿಕರದಿಂದ ನನ್ನನ್ನು ನೋಡಿದರು. "ನೀವು ಮನೆಯಲ್ಲಿ ಕ್ಷೇಮವಾಗಿದ್ದೀರಾ?" ಎಂದು ಕೇಳಿ, ನರ್ಸನ್ನು ಒಳಗೆ ಕರೆಸಿ ಬಾಗಿಲ ಬಳಿ ನಿಲ್ಲಿಸಿಕೊಂಡರು. ಹೆಗಲು ನೋವು ನಾಚಿಕೆಗೇ ಹೊರಟುಹೋಯಿತು!

ಇಷ್ಟೆಲ್ಲ ಮಾನ ಕಳೆದರೂ ನಮ್ಮವರು ಭಾವನನ್ನು ಸಹಿಸಿಕೊಂಡದ್ದಕ್ಕೆ ಕಾರಣವಿದೆ: ಪಾಲು. ನಮ್ಮ ತುಳುನಾಡಿನ ಕಡೆ ಬೇಟೆಯ ಮಾಂಸ ಹೊಡೆದವನೊಬ್ಬನದೇ ಅಲ್ಲ. ಕೋವಿಯವನಿಗೊಂದು ಪಾಲು, ಪೊದೆ ಬಡಿದು ಸೋವಿದವರಿಗೊಂದು, ನಾಯಿಗೊಂದು, ನೆರೆಮನೆಗಳಿಗೆ ಒಂದೊಂದು. ಭಾವ ಈ ಶಾಸ್ತ್ರವನ್ನು ಮೆಲ್ಬರ್ನಿನ ತಮ್ಮ ಬಡಾವಣೆ ಡ್ಯಾಂಡಿನಾಂಗಿಗೂ ತಂದರು. ಪ್ರತಿ ಜೂನ್ ತಿಂಗಳ ಲಾಂಗ್ ವೀಕೆಂಡಿಗೆ ಬೇಟೆಗೆ ಹೊರಡುವ ಮೊದಲು ಪರಿಚಯದ ಮನೆಮನೆಗೆ ಹೋಗಿ ಐಸ್‌ಕ್ರೀಮಿನ ಖಾಲಿ ಡಬ್ಬಿ ಕೇಳಿ ತರುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ನಮ್ಮವರ ಯಾವ ಮನೆಯಲ್ಲಿ ಐಸ್‌ಕ್ರೀಮಿನ ಡಬ್ಬಿಯಲ್ಲಿ ಐಸ್‌ಕ್ರೀಮ್ ಇರುತ್ತದೆ ಹೇಳಿ? ಕೊತ್ತಂಬರಿ ಇರುತ್ತದೆ, ದೋಸೆ ಹಿಟ್ಟು ಇರುತ್ತದೆ. ಮರುವಾರ ಆ ಡಬ್ಬಿಗಳೆಲ್ಲ ತುಂಬಿ ಹಿಂತಿರುಗುತ್ತಿದ್ದವು. ಅಲ್ಲದೆ ಅಕ್ಕನ ಮನೆಯಲ್ಲಿ ಒಂದು ಊಟ; ಅದಕ್ಕೆ ನಾನೂ ಸಿಡ್ನಿಯಿಂದ ಹೋಗುತ್ತಿದ್ದೆ. ತೆಂಗಿನತುರಿ ಮಸಾಲೆಯಲ್ಲಿ ಹುರಿದ ಕಡವೆ ಸುಕ್ಕ, ಗರಿಗರಿ ಕೋರಿರೊಟ್ಟಿ. ಮಾಂಸ ಕಪ್ಪುಗೆಂಪು, ಕೊಬ್ಬಿಲ್ಲದ್ದು, ಕಾಡಿನ ವಾಸನೆ. ಎಲ್ಲರೂ ಬೆರಳು ಚೀಪುತ್ತ "ತೋಟೆ ಸಾಕು ಮಾರಾಯ್ರೆ, ಧಾರಾಳ ಸಾಕು!" ಎಂದು ತೀರ್ಪು ಕೊಡುತ್ತಿದ್ದರು. ಭಾವ ತಲೆ ತಗ್ಗಿಸಿ ಬಡಿಸುತ್ತಿದ್ದರು. ವಿನಯ ಎಂದುಕೊಂಡಿದ್ದೆವು.

ಒಂದು ವರ್ಷ ಅಕ್ಕ ಫೋನು ಮಾಡಿದಳು. "ಈ ಸಲ ನೀನೂ ಅವರ ಒಟ್ಟಿಗೆ ಹೋಗು. ಅವರಿಗೆ ನಿದ್ರೆ ಇಲ್ಲ. ಟೆರ್ರಿ ದೊಡ್ಡ ಕೋವಿ ಕೊಡ್ತೇನೆ ಅಂತ ಕೂತಿದ್ದಾನೆ."

ಟೆರ್ರಿ ಎಂದರೆ ಭಾವ ಕೆಲಸ ಮಾಡುವ ವೇರ್‌ಹೌಸಿನ ಫೋರ್‌ಮನ್. ಭಾವನನ್ನು ಬೇಟೆಗೆ ಹಚ್ಚಿದವನೂ ಅವನೇ. ಆನೆಯನ್ನೇ ಕೆಡವುವಂಥ ರೈಫಲು ಅವನಲ್ಲಿದೆಯಂತೆ. ಬೈನಾಕ್ಯುಲರಿನಂಥ ದುರ್ಬೀನು ಕೂರಿಸಿ, ಎದುರಿನ ಗುಡ್ಡದಲ್ಲಿರುವ ಪ್ರಾಣಿಗೆ ಈ ಗುಡ್ಡದಿಂದಲೇ ಹೊಡೆಯಬಹುದಂತೆ. ಅದನ್ನು ಸುಮ್ಮನೆ ಕೊಡುತ್ತಾನೆಂದರೆ ನಿದ್ರೆ ಕೆಡುವುದೇಕೆ? ನನಗೆ ಅರ್ಥವಾಗಲಿಲ್ಲ. ಆದರೂ ಹೋದೆ.

ಜೂನಿನ ಚಳಿ; ಇಲ್ಲಿ ಅದೇ ಚಳಿಗಾಲ. ಟೆರ್ರಿ ಗುಡ್ಡದ ಆ ಬದಿಗೆ, ನಾವು ಈ ಬದಿಗೆ. ಭಾವ ನನಗೆ ಕೆಮ್ಮಬಾರದು, ಸೀನಬಾರದು, ಸಾಧ್ಯವಾದರೆ ಉಸಿರೂ ಆಡಬಾರದು ಎಂದು ಆಜ್ಞೆ ಮಾಡಿ ಮುಂದೆ ನಡೆದರು. ಡ್ಯಾಂಡಿನಾಂಗಿನ ಮಾರ್ಕೆಟಿನಲ್ಲಿ ಎಡವಿ ಟೊಮೆಟೊ ರಾಶಿಯ ಮೇಲೆ ಬೀಳುವ ಈ ಮನುಷ್ಯ ಆ ಕಾಡಿನಲ್ಲಿ ಒಂದು ಕಡ್ಡಿ ಮುರಿಯದೆ ನಡೆದದ್ದು ನೋಡಿ ನಾನು ಬೆರಗಾದೆ. ಒಂದು ತೊರೆಯ ಹತ್ತಿರ ಜರಿಗಿಡದ ಹಿಂದೆ ಕೂತೆವು. ಬಹಳ ಹೊತ್ತು ಕೂತೆವು. ನನ್ನ ಕಾಲು ಜೋಮು ಹಿಡಿದು, ಅದು ನನ್ನದಲ್ಲವೇನೋ ಅನ್ನಿಸುವಷ್ಟು ಹೊತ್ತು.

ಬಂತು. ಗಂಡು. ಕತ್ತಿನ ತುಂಬ ಒರಟು ಕೂದಲು, ಕವಲೊಡೆದ ಕೊಂಬು. ನೀರಿಗೆ ಬಾಯಿ ಹಾಕಿ ತಲೆಯೆತ್ತಿತು. ಕಿವಿ ಎರಡೂ ನಮ್ಮ ಕಡೆಗೆ. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ನಡುಮನೆಯ ಉದ್ದದಷ್ಟೇ ದೂರ! ಇಷ್ಟು ಹತ್ತಿರಕ್ಕೆ ಆ ತೋಟೆಯೇನು, ನಮ್ಮ ಭಟ್ಟರ ಅಡಿಕೆಯೂ ಸಾಕಾಗುತ್ತಿತ್ತು. ಹೊಡೆಯಿರಿ ಭಾವ ಎಂದು ಒಳಗೊಳಗೇ ಕೂಗುತ್ತ ಅವರ ಕಡೆ ನೋಡಿದೆ.

ಕೋವಿ ತೊಡೆಯ ಮೇಲೇ ಇತ್ತು. ಕೈ ಅದರ ಮೇಲೆ ಸುಮ್ಮನೆ ಬಿದ್ದಿತ್ತು. ಮುಖದಲ್ಲಿ ಬೇಟೆಗಾರನ ಲಕ್ಷಣವೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಊರಿನವರೊಬ್ಬರು ಕಂಡಾಗ ಮೂಡುವಂಥ ನಗೆ. ತುಟಿ ಅಲ್ಲಾಡಿತು. "ಎಂಚ ಉಲ್ಲರ್?"

ತುಳುವಿನಲ್ಲಿ, ಹೇಗಿದ್ದೀರಿ ಎಂದು. ಕಡವೆಗೆ ಬಹುವಚನ!

ಕಡವೆ ಉತ್ತರ ಕೊಡಲಿಲ್ಲ. ಕಾಲು ನೆಲಕ್ಕೆ ಅಪ್ಪಳಿಸಿ, ಒಮ್ಮೆ ಗದರಿ, ಗಿಡಗಳ ನಡುವೆ ಇಲ್ಲವಾಯಿತು. ಭಾವ ಮೊಣಕಾಲಿನ ಮಣ್ಣು ಝಾಡಿಸಿದರು. ನನ್ನ ಮುಖ ನೋಡಲಿಲ್ಲ.

"ಸಾಲದು ಮಾರಾಯ ಈ ತೋಟೆ. ಗಾಯ ಆಗಿ ಓಡ್ತಿತ್ತು ಅದು."

ಹಿಂದಿರುಗುವಾಗ ದಾರಿಯ ಒಂದು ಊರಿನಲ್ಲಿ ಕಾರು ನಿಲ್ಲಿಸಿ "ಹಾಲು ತಕ್ಕೊಂಡು ಬರ್ತೇನೆ" ಎಂದು ಸೂಪರ್‌ಮಾರ್ಕೆಟಿಗೆ ಹೋದರು. ಬಂದಾಗ ಎರಡೂ ಕೈಯಲ್ಲಿ ಚೀಲ. ಒಂದು ಚೀಲ ಜಾರಿ ನನ್ನ ಕಾಲ ಬಳಿ ಬಿತ್ತು. ಕಪ್ಪುಗೆಂಪು ಮಾಂಸದ ಪ್ಯಾಕೆಟ್ಟುಗಳು. ಮೇಲೆ ಕಾಂಗರೂ ಚಿತ್ರ.

ವರ್ಷಾನುಗಟ್ಟಲೆ ನಾವು ತಿಂದು ತೀರ್ಪು ಕೊಟ್ಟದ್ದು ಇದಕ್ಕೆ!

ಭಾವನ ಕಿವಿ ಕೆಂಪಾಗಿತ್ತು. "ಡಬ್ಬಿ ಕೇಳಿ ತಂದಾಗಿದೆಯಲ್ಲ. ಖಾಲಿ ಡಬ್ಬಿ ಹೇಗೆ ವಾಪಸು ಕೊಡುವುದು?" ಎಂದರು. ಮನೆಯಲ್ಲಿ ಅಕ್ಕ ಕೇಳಲೂ ಇಲ್ಲ. ಪ್ಯಾಕೆಟ್ಟು ಒಡೆದು, ಹೊದಿಕೆಯನ್ನು ಮಡಚಿ ಕಸದ ಬುಟ್ಟಿಯ ತಳಕ್ಕೆ ತುರುಕಿ, ಡಬ್ಬಿ ತುಂಬತೊಡಗಿದಳು. ಕೈ ಪಳಗಿತ್ತು.

ಮರುವಾರದ ಊಟಕ್ಕೆ, ಯಾರೂ ಎಣಿಸದ ಹಾಗೆ, ಟೆರ್ರಿ ಬಂದ. ಉದ್ದನೆಯ ರೈಫಲಿನ ಫೋಟೋ ಹಿಡಿದು ಬಂದ! ಸುಕ್ಕದ ತಟ್ಟೆ ಕೊಟ್ಟೆವು. ಬೆಂಗಳೂರಿನ ಹುಡುಗನೊಬ್ಬ, ಐಟಿಯವನು, ಉಪಚಾರಕ್ಕೆಂದು, "ಏನೇ ಹೇಳಿ ಟೆರ್ರಿ, ನಿಮ್ಮ ಫ್ರೆಂಡ್ ಆ ಸಣ್ಣ ತೋಟೆಯಲ್ಲೇ ವರ್ಷವರ್ಷ ಹೊಡೀತಾರಲ್ಲ, ಗ್ರೇಟ್!" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ.

ಟೆರ್ರಿ ನಕ್ಕ. ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ದೊಡ್ಡದು. "ಹೊಡೆಯುವುದೇ? ಒಂದನ್ನೂ ಹೊಡೆದಿಲ್ಲ ಮೇಟ್! ಅದು ಆಟಿಕೆ. ಮುಂದಿನ ಸಲ ನನ್ನ ರೈಫಲು ಹಿಡಿಸಿ, ಪಕ್ಕದಲ್ಲೇ ಕೂತು ಹೊಡೆಸುತ್ತೇನೆ. ನೆಪವೇ ಇರಬಾರದು."

ಬಾಯಿಗೆ ಹೊರಟ ಕೈಗಳೆಲ್ಲ ಅಲ್ಲಲ್ಲೇ ನಿಂತವು. ಎಲ್ಲರೂ ತಂತಮ್ಮ ತಟ್ಟೆ ನೋಡಿದರು. ಹಾಗಾದರೆ ಇದು ಏನು? ಭಾವ ಬಡಿಸುವ ಸೌಟು ಹಿಡಿದು ನಡುಮನೆಯಲ್ಲಿ ನಿಂತಿದ್ದರು, ಸೊಂಟದಲ್ಲಿ ಟವೆಲು. ಅಕ್ಕ ಗೋಡೆ ಕಡೆ ತಿರುಗಿದಳು. ಭಾವನ ಮಗಳು, ಯಾವಾಗಲೂ ದಿಂಬು ಹುಡುಕುವವಳು, ಈ ಸಲ ಎದ್ದು ಹೋಗಿ ಅಪ್ಪನ ಪಕ್ಕದಲ್ಲಿ ನಿಂತಳು. ಎಷ್ಟೋ ಮಂದಿಯೆದುರು ಭಾವನಿಂದಾಗಿ ನನಗೆ ನಾಚಿಕೆಯಾದದ್ದುಂಟು. ಭಾವನೇ ನಾಚಿ ಕುಗ್ಗಿದ್ದನ್ನು ಕಂಡದ್ದು ಅಂದೇ ಮೊದಲು. ನೋಡಲಾಗಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಕಮಲಕ್ಕ ಇದ್ದರು. ನಮ್ಮ ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಸುಳ್ಯದ ಕಡೆಯವರು; ಅವರ ಅಪ್ಪ ಆ ಕಾಲದ ದೊಡ್ಡ ಬೇಟೆಗಾರ. ಅವರೊಬ್ಬರು ಮಾತ್ರ ಊಟ ನಿಲ್ಲಿಸಿರಲಿಲ್ಲ. ನಿಧಾನವಾಗಿ ಒಂದು ತುಂಡು ಮುಗಿಸಿ ಹೇಳಿದರು.

"ನನಗೆ ಮೊದಲ ವರ್ಷವೇ ಗೊತ್ತಿತ್ತು, ಇದು ಕಡವೆ ಅಲ್ಲ ಅಂತ. ಕಡವೆ ತಿಂದು ಬೆಳೆದ ಬಾಯಿ ಇದು. ರುಚಿ ಉಂಟಲ್ಲ? ತಿನ್ನಿ. ಎಂತ ನೋಡ್ತೀರಿ ಎಲ್ಲ?"

ಆಮೇಲೆ ಭಾವನ ಕಡೆ ತಿರುಗಿದರು. "ನೀನು ಬಾ ಇಲ್ಲಿ. ಈ ಸಲ ಎಷ್ಟು ಹತ್ತಿರ ಬಂತು?"

"ಇಲ್ಲಿಂದ… ಆ ಫ್ರಿಜ್ಜಿನಷ್ಟು, ಕಮಲಕ್ಕ."

"ನಿಂತು ನೋಡಿತಾ?"

"ನೋಡಿತು. ಮೂಗಿನಲ್ಲಿ ನೀರು ಇತ್ತು."

"ನನ್ನ ಅಪ್ಪ ಜೀವಮಾನ ಇಡೀ ಕೋವಿ ಹಿಡಿದದ್ದು. ಕೊನೆಗಾಲದಲ್ಲಿ ಹೇಳ್ತಿದ್ದರು, ಹೊಡೆದದ್ದು ಯಾವುದೂ ನೆನಪಿಲ್ಲ, ನಿಂತು ನೋಡಿದ ಒಂದು ಮಾತ್ರ ನೆನಪುಂಟು ಅಂತ." ಕಮಲಕ್ಕ ನನಗೆ ಬೆರಳು ತೋರಿಸಿದರು. "ಆ ಬಿಳಿಯನಿಗೆ ಇಂಗ್ಲಿಷಿನಲ್ಲಿ ಹೇಳು. ದೊಡ್ಡದು ಬೇಡ. ದೂರದಿಂದ ಹೊಡೆಯುವ ಕೋವಿಯಲ್ಲಿ ಮೂಗಿನ ನೀರು ಕಾಣುವುದಿಲ್ಲ. ಇವನಿಗೆ ಇವನ ತೋಟೆಯೇ ಸಾಕು."

ನಾನು ಹೇಳಿದೆ; ನನ್ನ ಇಂಗ್ಲಿಷು ಅಲ್ಲಲ್ಲಿ ಮುಗ್ಗರಿಸಿತು. ಟೆರ್ರಿ ಫೋಟೋ ಜೇಬಿಗಿಟ್ಟುಕೊಂಡ. ತಟ್ಟೆ ನೋಡಿ, ಭಾವನನ್ನು ನೋಡಿ, "ಇದು ಕಾಂಗರೂ ತಾನೇ? ಇನ್ನೊಂಚೂರು ಹಾಕು ಮೇಟ್" ಎಂದು ತಟ್ಟೆ ಮುಂದೆ ಹಿಡಿದ.

ಭಾವ ಬಡಿಸಿದರು. ಬಡಿಸಿ, ಕಮಲಕ್ಕನ ಹತ್ತಿರ ಹೋಗಿ ಬಗ್ಗಿ, ಅದೇ ಹಳೆಯ ಮೆಲುದನಿಯಲ್ಲಿ ಕೇಳಿದರು: "ನಿಜವಾಗಿಯೂ ಸಾಕಾ ಕಮಲಕ್ಕ?"

"ಸಾಕು ಮಗಾ."

ಅಂದಿನಿಂದ ಭಾವ ಆ ಪ್ರಶ್ನೆಯನ್ನು ಇನ್ಯಾರಿಗೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಶುಭಕಾರ್ಯಗಳಿಗೆ ಧೈರ್ಯವಾಗಿ ಕರೆಯಬಹುದು. ಜೂನ್ ಬಂತೆಂದರೆ ಮಾತ್ರ, ಇಸ್ತ್ರಿ ಅಂಗಿ ತೊಟ್ಟು, ಮನೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ ಐಸ್‌ಕ್ರೀಮಿನ ಡಬ್ಬಿ ಕೇಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಕೊತ್ತಂಬರಿ ಬೇರೆ ಡಬ್ಬಿಗೆ ಸುರಿದು, ತೊಳೆದು, ಒರೆಸಿ ಕೊಡುತ್ತಾರೆ.