ಹೆಂಡತಿಯ ತಾತ ಪಟೇಲರಾಗಿದ್ದು

"ರೀ, ಆ ಫೋಟೊ ವಿಷಯ ಮೇಡಮ್‌ಗೆ ಹೇಳ್ಬಿಡಿ. ನಮ್ಮ ತಾತ ಇನ್ನೆಷ್ಟು ದಿನ ಪಟೇಲ್ರಾಗಿ ನೇತಾಡ್ಬೇಕು?"

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ಹೂಂ ಅಂದೆ. ಹೇಳಲಿಲ್ಲ.

ನಾನು ಯಲಹಂಕದ ಹಳೇ ಊರಲ್ಲಿ ಪಟೇಲರ ಮನೆ ನೋಡಿಕೊಳ್ಳೋನು. ಅಲ್ಲೀಗ ಯಾರೂ ವಾಸ ಇಲ್ಲ. ಊರಿನ ಹಳೇ ಕಾಗದ, ಫೋಟೊ, ಪಾತ್ರೆ ಸೇರಿಸಿ ಇಟ್ಟಿದ್ದಾರೆ. ಜನ ಬಂದು ನೋಡ್ತಾರೆ. ಬಾಗಿಲು ತೆಗೆಯೋದು, ಗುಡಿಸೋದು, ತೋರಿಸೋದು ನನ್ನ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ನಗೋ ಅಂಥಾವು ಆ ಮನೇಲಿ ತಪ್ಪಿದ್ದೇ ಇಲ್ಲ. ಹೆಚ್ಚಿನವು ನನ್ನಿಂದಲೇ.

೧. ಖಾಲಿ ಮೊಳೆ

ಪಟೇಲರ ಫೋಟೊ ಒರೆಸುವಾಗ ಕೈ ಜಾರಿತು. ಬಿದ್ದಿದ್ದು ನೆಲ ಒರೆಸೋ ಬಕೆಟ್ಟಿಗೆ. ಗಾಜು ಒಡೀತು, ಪಟೇಲರ ಮುಖ ಕರಗಿಹೋಯಿತು. ಕಾಗದ ಪತ್ರ ನೋಡಿಕೊಳ್ಳೋಕೆ ಹೊಸ ಮೇಡಮ್ಮು ಮಾರನೇ ದಿನವೇ ಬರೋರಿದ್ದರು.

ಮನೆಗೆ ಓಡಿದೆ. ಗೋಡೆ ಮೇಲೆ ಹೆಂಡತಿಯ ತಾತ ಇದ್ದರು. ಎತ್ತಿನಗಾಡಿ ಹೊಡೀತಿದ್ದ ಮನುಷ್ಯ. ಸ್ಟುಡಿಯೋದವರ ಕೋಟು, ಪೇಟ ಹಾಕಿಕೊಂಡು ತೆಗೆಸಿದ್ದ ಫೋಟೊ. ತಂದು ಪಟೇಲರ ಮೊಳೆಗೆ ಹಾಕಿದೆ.

ಸಂಜೆ ಹೆಂಡತಿ ಕೇಳಿದಳು, "ತಾತ ಎಲ್ರೀ?"

"ಕೆಲಸಕ್ಕೆ ಹೋಗವ್ರೆ. ಬರ್ತಾರೆ."

೨. ಆಯುಧಪೂಜೆ

ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಆ ಮನೇಲಿ ಆಯುಧ ಅಂದ್ರೆ ಕಾಗದವೇ ಅಲ್ವಾ? ಮೇಡಮ್ಮು ರಜಾ. ನಕ್ಷೆ, ಕ್ರಯಪತ್ರ, ಯಾರೋ ಯಾರಿಗೋ ಬರೆದ ಕಾಗದ, ಎಲ್ಲಕ್ಕೂ ವಿಭೂತಿ ಬಳಿದು ಅರಿಶಿನ ಕುಂಕುಮ ಇಟ್ಟೆ. ಒಂದನ್ನೂ ಬಿಡಲಿಲ್ಲ. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದೆ.

ಮೇಡಮ್ಮು ಬಂದು ಒಂದು ಕ್ರಯಪತ್ರ ಎತ್ತಿ ಕುಂಕುಮ ಊದಿದರು.

"ಗೆದ್ದಲಿಗೂ ಸಿಕ್ಕದೆ ಉಳಿದಿತ್ತು ಕಣ್ರೀ! ಇಲ್ಲಿರೋದು ಇದ್ದ ಹಾಗೇ ಇರ್ಬೇಕು. ಇನ್ನೇನಾದ್ರೂ ಮಾಡಿದ್ರೆ ಈಗ್ಲೇ ಹೇಳಿ."

ತಾತನ ಕಡೆ ನೋಡಿದೆ. ಅವರ ಹಣೆಗೂ ಕುಂಕುಮ ಇಟ್ಟಿದ್ದೆ.

"ಏನೂ ಇಲ್ಲ ಮೇಡಮ್."

೩. ರಜಾ

ಮೇಡಮ್ಮು ಆ ಮನೆ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿಸಿದರು. ಮುಖಪುಟದ ಮೇಲೆ ತಾತ. ನನಗೆ ಊಟ ತಂದಿದ್ದ ಹೆಂಡತಿ ಕೈಗೆ ಒಂದು ಕೊಟ್ಟು, "ನೋಡಿಮ್ಮಾ, ನಮ್ಮ ಪಟೇಲರು" ಅಂದರು.

ಹೆಂಡತಿ ನನ್ನನ್ನೊಂದು ಸಲ ನೋಡಿದಳು. "ಲಕ್ಷಣವಾಗಿದ್ದಾರೆ ಮೇಡಮ್."

ಮೂರನೇ ದಿನ ಹೇಳಿದಳು, "ಇದ್ದಿದ್ದು ಅದೊಂದೇ ಫೋಟೊ. ತವರಲ್ಲಿ ತಾತಂಗೆ ಎಡೆ ಇಡೋಕೂ ಯಾರೂ ಉಳಿದಿಲ್ಲ. ಹಬ್ಬಕ್ಕಾದ್ರೂ ರಜಾ ಕೊಡ್ಸಿ ಕರ್ಕೊಂಡ್ ಬನ್ನಿ."

ಅದನ್ನೂ ಮಾಡಲಿಲ್ಲ.

೪. ಇಷ್ಟದ ಅಡುಗೆ

ಅವಳ ತಿಥಿ ಮುಗಿಸಿ ಕೆಲಸಕ್ಕೆ ಬಂದೆ. ಅವತ್ತೇ ಸಹಕಾರನಗರದಿಂದ ಪಟೇಲರ ಮರಿಮಗ, ಹೆಂಡತಿ ಸಮೇತ ಬಂದರು. ಇದುವರೆಗೂ ಈ ಮನೆ ನೋಡಿದವರಲ್ಲ. ಫೋಟೊ ಮುಂದೆ ನಿಂತರು.

"ನೋಡೇ, ನನ್ನ ಮೂಗು ಇವರದ್ದೇ."

"ಕಿವೀನೂ ಅಷ್ಟೇ ಕಣ್ರೀ."

ನಾನು ಆಗಷ್ಟೇ ಒರೆಸಿದ್ದ ಒದ್ದೆ ನೆಲದ ಮೇಲೆ ಆ ಯಜಮಾನರು ಉದ್ದಕ್ಕೆ ಅಡ್ಡಬಿದ್ದರು. ಗಾಡಿ ಹೊಡೆಯೋರಿಗೆ. ಎದ್ದವರ ಕಣ್ಣು ತುಂಬಿತ್ತು.

"ಇದನ್ನ ದೊಡ್ಡದು ಮಾಡಿಸಿ ಕೊಡಿ. ಮಹಾಲಯ ಅಮಾವಾಸ್ಯೆಗೆ ಇವರಿಗೇ ಎಡೆ. ಊಟಕ್ಕೆ ಏನ್ ಇಷ್ಟ ಇತ್ತಂತೆ, ಗೊತ್ತಾ?"

ತಾತಂಗೆ ಏನಿಷ್ಟ ಅಂತ ನನ್ನ ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಬಾಯಿಗೆ ಬಂದೇಬಿಟ್ಟಿತು. "ಕುರಿ ಬೋಟಿ ಗೊಜ್ಜು ಸ್ವಾಮಿ."

ಯಜಮಾನರ ಮುಖ ಇಳೀತು. "ನಮ್ಮ ಮನೇಲಿ ಮೊಟ್ಟೇನೂ ಮುಟ್ಟಲ್ವಲ್ರೀ!"

ಅವರ ಹೆಂಡತಿ ಮೆಲ್ಲಗೆ ಬೆನ್ನು ಸವರಿದರು. "ಹೋಗ್ಲಿ ಬಿಡ್ರೀ, ದೊಡ್ಡವರು. ಗುಟ್ಟಾಗಿ ತಿಂತಿದ್ರೇನೋ. ನಾವು ಯಾರಿಗೂ ಹೇಳೋದ್ ಬೇಡ."

ನನಗೆ ನಗು ಬಂತು. ಆಮೇಲೆ ತಲೆ ಎತ್ತೋಕಾಗಲಿಲ್ಲ.

ಮಾರನೇ ಬೆಳಿಗ್ಗೆ ತಾತನ್ನ ಮೊಳೆಯಿಂದ ಇಳಿಸಿ, ಮೇಡಮ್ ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಸಹಕಾರನಗರಕ್ಕೆ ಫೋನ್ ಮಾಡಿ, "ನೀವೇ ಹೇಳಿ" ಅಂತ ನನ್ನ ಕಿವಿಗೆ ಹಿಡಿದರು.

"ಸ್ವಾಮಿ, ನಿಮ್ಮ ಮುತ್ತಾತ ಬೋಟಿ ಮುಟ್ಟಿಲ್ಲ. ಅವರ ಫೋಟೊ ನಾನೇ ಹಾಳು ಮಾಡಿದೆ. ನೀವು ಅಡ್ಡಬಿದ್ದಿದ್ದು ನನ್ನ ಹೆಂಡ್ತಿ ತಾತಂಗೆ. ಅವರಿಗೆ ಎಡೆ ನಾನಿಡ್ತೀನಿ. ಈ ಸಲ ಹೆಂಗೂ ಅವರ ಮೊಮ್ಮಗಳಿಗೂ ಇಡ್ಬೇಕು."