ನೀರುನಾಯಿಗೆ ರಾಟೆಯ ಪರವಾನಗಿ

ಭಾರ ಎತ್ತುವ ಸಾಧನಗಳ ಸುರಕ್ಷತಾ ನಿಯಮಾವಳಿಯ ಹದಿನಾಲ್ಕನೆಯ ವಿಧಿಯಲ್ಲಿ, ಸದರಿ ಸಾಧನವು ನಿಜವಾಗಿ ಇರತಕ್ಕದ್ದು ಎಂದು ಎಲ್ಲಿಯೂ ಹೇಳಿಲ್ಲ. ಡಾನ್ಯೂಬ್ ದಡದ ಗೋರ್ನಿ ಲ್ಯುಲ್ಯಾಕ್ ಪಟ್ಟಣದ ಮಕ್ಕಳ ಅನಿಮೇಷನ್ ಸ್ಟುಡಿಯೋದಲ್ಲಿ ಇಪ್ಪತ್ತೇಳು ವರ್ಷದಿಂದ ಚಿತ್ರ ಬರೆಯುತ್ತಿದ್ದ ಮಿಲ್ಕಾ ಚಕರೋವಾಗೆ ಈ ಸಂಗತಿ ತಿಳಿದದ್ದು ಒಂದು ಜನವರಿಯ ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ.

ಆಗ ಆಕೆ 'ವಿದ್ಕೊಗೆ ಗೊತ್ತು' ಎಂಬ ಧಾರಾವಾಹಿಯ ಮೊದಲ ಭಾಗದ ಕೊನೆಯ ಕಂತು ಬರೆಯುತ್ತಿದ್ದಳು. ವಿದ್ಕೊ ಒಂದು ನೀರುನಾಯಿ. ನೀಲಿ ಅಂಗಿ, ಕಿವಿಯ ಹಿಂದೆ ಪೆನ್ಸಿಲು. ಅವನು ಮಕ್ಕಳಿಗೆ ಆರು ಸರಳ ಯಂತ್ರಗಳನ್ನು ಕಲಿಸಬೇಕಿತ್ತು. ಇಳಿಜಾರು ಹಲಗೆ, ಬೆಣೆ, ತಿರುಪು, ಗಾಲಿ, ಸನ್ನೆಕೋಲು ಈ ಐದೂ ಮುಗಿದು ಪ್ರಸಾರವಾಗಿದ್ದವು. ಉಳಿದದ್ದು ರಾಟೆ. ಅದರಲ್ಲಿ ವಿದ್ಕೊ ಕೊಕ್ಕರೆ ಅಜ್ಜಿಯ ಕಬ್ಬಿಣದ ಒಲೆಯನ್ನು ಹಗ್ಗ ಕಟ್ಟಿ ನೀರಿನ ಗೋಪುರದ ಮೇಲಿನ ಗೂಡಿಗೆ ಏರಿಸುತ್ತಾನೆ. ಜೂನ್ ಒಂದರ ಮಕ್ಕಳ ದಿನಕ್ಕೆ ಈ ಕಂತು ಪ್ರಸಾರವಾಗದಿದ್ದರೆ ಧಾರಾವಾಹಿ ರದ್ದು, ಮಿಲ್ಕಾ ಮತ್ತು ಅವಳ ಮೂವರು ಚಿತ್ರಕಾರರು ಮನೆಗೆ, ಎಂದು ಟೀವಿ ಕೇಂದ್ರದವರು ಬಹಳ ಸೌಜನ್ಯದಿಂದ ಪತ್ರ ಬರೆದಿದ್ದರು.

ತೊಂದರೆ ತಂದವರು ಸ್ಟುಡಿಯೋದ ನಿರ್ದೇಶಕ ಬೊಯಾನ್ ಕ್ಯುಚುಕೊವ್. ತೊಂದರೆ ಬರಬಾರದೆಂಬ ಒಂದೇ ಉದ್ದೇಶದಿಂದ ಅವರು ಬದುಕಿನಲ್ಲಿ ಮಾಡಿದ ಎಲ್ಲ ಕೆಲಸಗಳ ಹಾಗೆ ಇದನ್ನೂ ಮಾಡಿದ್ದರು. ನವೆಂಬರಿನಲ್ಲಿ ಯಂತ್ರ ತಪಾಸಣಾ ಕಚೇರಿಯಿಂದ ಒಂದು ನಮೂನೆ ಬಂದಿತ್ತು: 'ತಮ್ಮ ಸಂಸ್ಥೆಯಲ್ಲಿರುವ ಭಾರ ಎತ್ತುವ ಸಾಧನಗಳ ವಿವರ ಒದಗಿಸತಕ್ಕದ್ದು. ಮುಚ್ಚಿಟ್ಟಲ್ಲಿ ನಿರ್ದೇಶಕರೇ ಹೊಣೆ.' ಕ್ಯುಚುಕೊವ್ ಮೊದಲ ಸಾಲಿನಲ್ಲಿ 'ಲಿಫ್ಟು, ಒಂದು, ಎಂಟು ವರ್ಷದಿಂದ ಕೆಟ್ಟಿದೆ' ಎಂದು ಬರೆದರು. ಹೊಣೆ ಎಂಬ ಪದವನ್ನು ಮತ್ತೊಮ್ಮೆ ಓದಿಕೊಂಡು ಎರಡನೆಯ ಸಾಲಿನಲ್ಲಿ 'ರಾಟೆ, ಒಂದು, ಬರೆದದ್ದು' ಎಂದು ಸೇರಿಸಿದರು.

ಲಿಫ್ಟಿನ ಸಾಲಿಗೆ ಉತ್ತರ ಬರಲಿಲ್ಲ. ರಾಟೆಯ ಸಾಲಿಗೆ ತಪಾಸಣಾಧಿಕಾರಿ ಇಂಜಿನಿಯರ್ ತ್ಸೊಂಕೊ ಪರುಶೆವ್ ಖುದ್ದಾಗಿ ಬಂದರು.

ಐದು ಮಹಡಿ ಹತ್ತಿ ಬಂದ ಅವರಿಗೆ ಮಾತು ಹೊರಡಲು ಸ್ವಲ್ಪ ಸಮಯ ಹಿಡಿಯಿತು. ಅರವತ್ತರ ಹತ್ತಿರದ ಸಂಭಾವಿತ ಮನುಷ್ಯ. ಮಿಲ್ಕಾ ಕೊಟ್ಟ ನೀರು ಕುಡಿದು, ಕನ್ನಡಕ ಒರೆಸಿ, ಮೇಜಿನ ಮೇಲಿದ್ದ ವಿದ್ಕೊನ ಚಿತ್ರ ನೋಡಿ ನಕ್ಕರು.

"ನಮ್ಮ ಮೊಮ್ಮಗಳು ಇವನ ಒಂದು ಕಂತೂ ಬಿಡೋದಿಲ್ಲ ಮೇಡಂ. ಸನ್ನೆಕೋಲು ನೋಡಿದ ಮೇಲೆ ನಮ್ಮ ಮನೇಲಿ ಒಂದು ಬಾಗಿಲೂ ನೆಟ್ಟಗಿಲ್ಲ. ಇರಲಿ, ರಾಟೆ ಎಲ್ಲಿದೆ?"

ಮಿಲ್ಕಾ ಪರದೆಯ ಮೇಲೆ ತೋರಿಸಿದಳು. ಪರುಶೆವ್ ಕೈಚೀಲದಿಂದ ಅಳತೆಯ ಪಟ್ಟಿ ತೆಗೆದರು.

"ಹಗ್ಗ ಎಷ್ಟು ದಪ್ಪ?"

"ಅದು ಪೆನ್ಸಿಲ್ ಗೆರೆ, ಇಂಜಿನಿಯರ್ರೇ."

"ಅರ್ಧ ಮಿಲಿಮೀಟರು," ಎಂದು ಅವರು ಬರೆದುಕೊಂಡರು. "ಒಲೆಯ ತೂಕ?"

"ನೀವೇ ಹೇಳಿ. ಕೊಕ್ಕರೆ ಅಜ್ಜಿಗೆ ಎಷ್ಟು ದೊಡ್ಡ ಒಲೆ ಬೇಕಾಗಬಹುದು?"

"ನಮ್ಮ ಮನೇದು ಎಂಬತ್ತು ಕಿಲೋ." ಅದನ್ನೂ ಬರೆದುಕೊಂಡರು. "ಅರ್ಧ ಮಿಲಿಮೀಟರ್ ಹಗ್ಗದಲ್ಲಿ ಎಂಬತ್ತು ಕಿಲೋ ಒಲೆ. ಕೆಳಗೆ ಯಾರಾದರೂ ಇರ್ತಾರಾ?"

"ಒಂದು ಇಲಿ ಇರುತ್ತೆ. ಚಪ್ಪಾಳೆ ತಟ್ಟುತ್ತೆ."

ಪರುಶೆವ್ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದ ಸೇವೆಯಲ್ಲಿ ಇಂಥ ನಿರ್ಲಕ್ಷ್ಯವನ್ನು ಅವರು ಕಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಅದು ಚಿತ್ರ, ಸಾಹೇಬ್ರೆ," ಮಿಲ್ಕಾ ಮೆತ್ತಗೆ ಹೇಳಿದಳು. "ಹಗ್ಗ ಹರಿಯಬೇಕು ಅಂದ್ರೆ ನಾನೇ ಹರಿದ ಹಾಗೆ ಬರೀಬೇಕು."

"ಅದನ್ನೇ ನಾನೂ ಹೇಳ್ತಿರೋದು. ಇಡೀ ಸುರಕ್ಷತೆ ಒಬ್ಬರ ಮರ್ಜಿಯ ಮೇಲೆ ನಿಂತಿದೆ. ನಾಳೆ ನಿಮಗೆ ಬೇಜಾರಾದರೆ?"

ಮಿಲ್ಕಾಗೆ ಆ ಕ್ಷಣವೇ ಬೇಜಾರಾಗಿತ್ತು. ಪರುಶೆವ್ ಬರೆದಿಟ್ಟು ಹೋದ ಆದೇಶದಲ್ಲಿ ಮೂರು ಅಂಶಗಳಿದ್ದವು. ಹಗ್ಗವನ್ನು ದಪ್ಪ ಮಾಡತಕ್ಕದ್ದು. ನಿಗದಿತ ತೂಕಕ್ಕಿಂತ ಕಾಲು ಪಾಲು ಹೆಚ್ಚು ಭಾರವನ್ನು ಹತ್ತು ನಿಮಿಷ ಅಲುಗದಂತೆ ತೂಗಿಸಿ ಪರೀಕ್ಷೆ ನಡೆಸತಕ್ಕದ್ದು. ರಾಟೆ ನಡೆಸುವವನು ಪರವಾನಗಿ ಪಡೆದವನಾಗಿರತಕ್ಕದ್ದು.

ಹಗ್ಗ ಒಂದು ದಿನದ ಕೆಲಸ. ಭಾರದ ಪರೀಕ್ಷೆಗೆ ಮಿಲ್ಕಾ ಒಲೆಯ ಮೇಲೆ ಇಪ್ಪತ್ತು ಕಿಲೋದ ಕುಂಬಳಕಾಯಿ ಇಟ್ಟು ಒಂದು ಚಿತ್ರ ಬರೆದಳು. ಅದನ್ನೇ ಹತ್ತು ನಿಮಿಷ ಪರದೆಯ ಮೇಲೆ ನಿಲ್ಲಿಸಿದಳು. ಪರುಶೆವ್ ಐದು ಮಹಡಿ ಹತ್ತಿ ಬಂದು ಎರಡು ನಿಮಿಷ ನೋಡಿ ತಲೆ ಆಡಿಸಿದರು.

"ಇದು ಒಂದೇ ಚಿತ್ರ ಮೇಡಂ. ಅಂದ್ರೆ ಒಲೆ ತೂಗಿದ್ದು ಒಂದೇ ಕ್ಷಣ. ಅದನ್ನೇ ನೀವು ಹತ್ತು ನಿಮಿಷ ತೋರಿಸಿದ್ರೆ ಅದು ಪರೀಕ್ಷೆ ಅಲ್ಲ, ಫೋಟೋ."

ನಿಯಮದ ಕಣ್ಣಿನಲ್ಲಿ ಅವರ ಮಾತು ಸರಿಯಾಗಿತ್ತು. ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಹತ್ತು ನಿಮಿಷಕ್ಕೆ ಹದಿನಾಲ್ಕು ಸಾವಿರದ ನಾನೂರು ಚಿತ್ರಗಳು ಬೇಕು. ನಾಲ್ವರೂ ಸೇರಿ ಒಂಬತ್ತು ವಾರ ಕೂತು, ಅಲುಗದೆ ತೂಗುವ ಒಂದು ಒಲೆಯನ್ನು ಹದಿನಾಲ್ಕು ಸಾವಿರದ ನಾನೂರು ಸಲ ಬರೆದರು. ಏಳನೆಯ ವಾರದಲ್ಲಿ ಒಬ್ಬ ಚಿತ್ರಕಾರನ ಕೈ ನಡುಗಿ ಕುಂಬಳಕಾಯಿ ಕೂದಲೆಳೆಯಷ್ಟು ಎಡಕ್ಕೆ ಸರಿಯಿತು. ಭಾರ ಅಲುಗಿದ್ದರಿಂದ ಪರೀಕ್ಷೆ ಅನೂರ್ಜಿತವಾಗಿ, ಆ ದಿನದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಯಿತು.

ಮುಗಿದ ದಿನ ಕ್ಯುಚುಕೊವ್ ಎಲ್ಲರಿಗೂ ತಿನ್ನಲು ಚೀಸ್ ತುಂಬಿದ ಬಾನಿತ್ಸಾ, ಕುಡಿಯಲು ಸಿಹಿ ಬೋಜಾ ತರಿಸಿದರು. ಪರುಶೆವ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಾನಿತ್ಸಾ ಮುಟ್ಟದೆ, ಹತ್ತು ನಿಮಿಷವೂ ರೆಪ್ಪೆ ಬಡಿಯದ ಹಾಗೆ ಒಲೆಯನ್ನು ನೋಡಿದರು. ಕೊನೆಗೆ ಎದ್ದು ಮಿಲ್ಕಾಳ ಕೈ ಕುಲುಕಿದರು.

"ಬಂದರಿನ ಕ್ರೇನ್‌ಗಳೂ ಇಷ್ಟು ಸ್ಥಿರವಾಗಿ ನಿಲ್ಲೋದಿಲ್ಲ ಮೇಡಂ," ಎಂದರು. ಅವರ ಕಣ್ಣು ಒದ್ದೆಯಾಗಿದ್ದವು. ಮಿಲ್ಕಾಗೆ ತಾನು ಹೆಮ್ಮೆಪಟ್ಟದ್ದು ಗೊತ್ತಾಗಿ ಭಯವಾಯಿತು.

ಇನ್ನು ಪರವಾನಗಿ. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರೂ ಇರಬೇಕು. ಒಂದು ಇಲ್ಲದಿದ್ದರೂ ಗುಮಾಸ್ತೆ ಕಿಟಕಿ ಮುಚ್ಚುತ್ತಾಳೆ. ಮಿಲ್ಕಾ ನಿಂತಲ್ಲೇ 'ವಿದ್ಕೊ ದುನಾವೊವ್ ರೆಚ್ಕೊವ್' ಎಂದು ಬರೆದಳು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, 'ಬೆರಳುಗಳ ನಡುವೆ ಚರ್ಮ ಕೂಡಿಕೊಂಡಿದೆ, ಹುಟ್ಟಿನಿಂದ ಬಂದದ್ದು, ಕೆಲಸಕ್ಕೆ ಅಡ್ಡಿಯಿಲ್ಲ' ಎಂದು ಪ್ರಮಾಣಪತ್ರ ಕೊಟ್ಟರು. ತರಬೇತಿ ಎಪ್ಪತ್ತೆರಡು ಗಂಟೆ. ಮಿಲ್ಕಾ ವಿದ್ಕೊನನ್ನು ರಟ್ಟಿನ ಮೇಲೆ ಅಂಟಿಸಿ, ದಿನವೂ ಬೆಳಿಗ್ಗೆ ಎರಡನೆಯ ಬೆಂಚಿನಲ್ಲಿ ಕೂರಿಸಿ, ಮಧ್ಯಾಹ್ನ ಕರೆದುಕೊಂಡು ಬರುತ್ತಿದ್ದಳು. ಹಾಜರಿ ನೂರಕ್ಕೆ ನೂರು ಇದ್ದದ್ದು ಅವನೊಬ್ಬನಿಗೇ. ತರಗತಿಯಲ್ಲಿ ಫೋನು ನೋಡದಿದ್ದವನೂ ಅವನೊಬ್ಬನೇ ಎಂದು ಬೋಧಕರು ಶಿಫಾರಸು ಪತ್ರದಲ್ಲಿ ವಿಶೇಷವಾಗಿ ನಮೂದಿಸಿದರು. ಬಾಯಿಮಾತಿನ ಪರೀಕ್ಷೆಯಲ್ಲಿ ಅವನು ಒಂದೂ ತಪ್ಪು ಉತ್ತರ ಕೊಡಲಿಲ್ಲ.

ಮೇ ಇಪ್ಪತ್ತೆಂಟಕ್ಕೆ ಪ್ರಮಾಣಪತ್ರ ಬಂತು. ಜೂನ್ ಒಂದಕ್ಕೆ ಕಂತು ಪ್ರಸಾರವಾಯಿತು. ಪರೀಕ್ಷೆಯ ದಾಖಲೆ ಸಾರ್ವಜನಿಕರಿಗೆ ಲಭ್ಯವಿರಬೇಕಾದ್ದರಿಂದ ಅದರ ಬೆನ್ನಿಗೇ ಹತ್ತು ನಿಮಿಷ ಒಲೆಯನ್ನೂ ತೋರಿಸಿದರು. ವೃದ್ಧಾಶ್ರಮದಿಂದ ಮೆಚ್ಚುಗೆಯ ಪತ್ರಗಳು ಬಂದವು. ಧಾರಾವಾಹಿ ಉಳಿಯಿತು, ನಾಲ್ವರ ಕೆಲಸವೂ ಉಳಿಯಿತು.

ಕತೆ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ಮರುವಾರ ಮಿಲ್ಕಾ ಮೆಟ್ಟಿಲು ಹತ್ತುವಾಗ ಮೂರನೆಯ ಮಹಡಿಯಲ್ಲಿ ಕಸ ಗುಡಿಸುವ ಸ್ತಾಮೆನಾ ಬಕೆಟ್ಟಿನ ಪಕ್ಕ ಕುಸಿದು ಕೂತಿದ್ದಳು. ಅರವತ್ತನಾಲ್ಕು ವರ್ಷ, ಎರಡೂ ಮಂಡಿ ಸವೆದಿದ್ದವು. ಆ ಕಟ್ಟಡದಲ್ಲಿ ನಲ್ಲಿ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ.

"ಏನಾಯ್ತು ಸ್ತಾಮೆನಕ್ಕ?"

"ಏನೂ ಇಲ್ಲ ಕಣಮ್ಮ. ಬಕೆಟ್ಟು ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ಕೂತೆ." ಸ್ತಾಮೆನಾ ಮಂಡಿ ನೀವಿಕೊಂಡಳು. "ನಿನ್ನ ನೀರುನಾಯಿ ಒಲೆ ಎತ್ತಿದ್ದು ನೋಡಿದೆ. ಬಹಳ ಸಲೀಸಾಗಿ ಎತ್ತಿದ. ಅವನಿಗೆ ಮಂಡಿ ಚೆನ್ನಾಗಿವೆ."

ಇಪ್ಪತ್ತೇಳು ವರ್ಷದಲ್ಲಿ ಮಿಲ್ಕಾ ರಾಟೆಯನ್ನು ಎಷ್ಟೋ ಸಾವಿರ ಸಲ ಬರೆದಿದ್ದಳು. ಒಂದನ್ನು ಕೊಂಡು ತರಬಹುದು ಎಂಬುದು ಅವಳಿಗೆ ಹೊಳೆದದ್ದು ಈಗ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಶನಿವಾರ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಬ್ಬಿಣದ ರಾಟೆ, ನಲವತ್ತು ಮೀಟರ್ ಹಗ್ಗ ಕೊಂಡಳು. ಐದನೆಯ ಮಹಡಿಯ ಕಿಟಕಿಯ ಮೇಲಿನ ಕಬ್ಬಿಣದ ತೊಲೆಗೆ ತಾನೇ ಬಿಗಿದಳು. ಸೋಮವಾರ ಸ್ತಾಮೆನಾ ಅಂಗಳದಲ್ಲಿ ನಿಂತು ಹಗ್ಗ ಎಳೆದಳು. ಬಕೆಟ್ಟು ಒಂದು ಹನಿಯೂ ಚೆಲ್ಲದೆ ಮೇಲಕ್ಕೆ ಹೋಯಿತು. ಮೇಲೆ ಮಿಲ್ಕಾ ಅದನ್ನು ಹಿಡಿದುಕೊಂಡಳು. ಕೆಳಗೆ ಸ್ತಾಮೆನಾ ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡಳು.

ಈ ವ್ಯವಸ್ಥೆ ಗುರುವಾರದವರೆಗೆ ನಡೆಯಿತು. ಗುರುವಾರ ಪರುಶೆವ್ ವಿದ್ಕೊನ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತಾವೇ ತೂಗುಹಾಕಲು ಬಂದರು. ಅಂಗಳದಲ್ಲಿ ಬಕೆಟ್ಟು ಅವರ ಟೊಪ್ಪಿಯ ಪಕ್ಕದಿಂದ ಮೇಲೇರಿತು. ಅವರು ಅದರ ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ಉಸಿರು ಹದಕ್ಕೆ ಬರುವವರೆಗೆ ಕಾದು, ಚೀಲದಿಂದ ಅರಗು, ದಾರ, ಮುದ್ರೆ ತೆಗೆದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ಇದನ್ನ ಮುಚ್ಚಲೇಬೇಕು."

"ಯಾಕೆ? ಹಗ್ಗ ದಪ್ಪ ಇದೆ. ಬಕೆಟ್ಟು ಹತ್ತು ಕಿಲೋ. ನೀವೇ ಎಳೆದು ನೋಡಿ."

"ಎಳೆಯೋದೇ ಬೇಡ, ಭದ್ರವಾಗಿದೆ ಅಂತ ಕಣ್ಣಿಗೇ ಕಾಣುತ್ತೆ. ವಿಷಯ ಅದಲ್ಲ. ನೋಂದಣಿ ಪುಸ್ತಕದಲ್ಲಿ ಒಂದು ವಿಳಾಸಕ್ಕೆ ಒಂದೇ ರಾಟೆ. ನಿಮ್ಮ ವಿಳಾಸಕ್ಕೆ ಆಗಲೇ ಒಂದಿದೆ. ಪರವಾನಗಿ ಪಡೆದ ನೌಕರನೂ ಇದ್ದಾನೆ."

"ಅದು ಬರೆದದ್ದು."

"ಪುಸ್ತಕದಲ್ಲಿ ಎಲ್ಲವೂ ಬರೆದದ್ದೇ, ಮೇಡಂ."

ಪರುಶೆವ್ ರಾಟೆಗೆ ದಾರ ಸುತ್ತಿ ಅರಗಿನ ಮುದ್ರೆ ಒತ್ತಿದರು. ಅಷ್ಟರಲ್ಲಿ ಸ್ತಾಮೆನಾ ಮೆಟ್ಟಿಲು ಹತ್ತಿ ಬಂದು, ಕಂಬಕ್ಕೆ ಒರಗಿ, ಮುದ್ರೆ ಬಿದ್ದ ರಾಟೆಯನ್ನೂ ಚೌಕಟ್ಟಿನ ಪ್ರಮಾಣಪತ್ರವನ್ನೂ ನೋಡಿದಳು. ನಡೆದದ್ದನ್ನು ಮಿಲ್ಕಾ ಹೇಳಿದಳು.

"ಅಂದ್ರೆ ಇಲ್ಲಿ ಎತ್ತುವ ಹಕ್ಕು ಇರೋದು ಅವನಿಗೊಬ್ಬನಿಗೇ," ಎಂದಳು ಸ್ತಾಮೆನಾ.

"ಹೌದಮ್ಮಾ," ಎಂದರು ಪರುಶೆವ್.

"ಹಾಗಾದ್ರೆ ನನ್ನ ಬಕೆಟ್ಟನ್ನೂ ಅವನೇ ಎತ್ತಲಿ. ನನಗೆ ಪರವಾನಗಿ ಇಲ್ಲ. ಕಾನೂನು ಮುರಿಯೋ ವಯಸ್ಸಲ್ಲ ನಂದು."

ಕೋಪದಲ್ಲಿ ಆಡಿದ ಮಾತು ಅದು. ಆದರೆ ಪರುಶೆವ್ ಕನ್ನಡಕ ಏರಿಸಿಕೊಂಡು ನಿಯಮಾವಳಿ ತೆರೆದು ಅಲ್ಲೇ ನಿಂತು ಓದತೊಡಗಿದರು. ಮಿಲ್ಕಾ ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನು ನೋಡುತ್ತಿದ್ದಳು. ಹದಿನೆಂಟನೆಯ ವಿಧಿಯಲ್ಲಿ ಬೆರಳು ನಿಂತಿತು.

"ಅಡ್ಡಿ ಇಲ್ಲ," ಎಂದರು. "ಬಕೆಟ್ಟು ಎಂಬತ್ತು ಕಿಲೋ ಮೀರಬಾರದು, ಅಷ್ಟೇ."

ಮಿಲ್ಕಾ ಮೂರು ದಿನ ಕೂತು, ವಿದ್ಕೊ ಬಕೆಟ್ಟನ್ನು ಐದನೆಯ ಮಹಡಿಗೆ ಎತ್ತುವ ನಲವತ್ತು ಸೆಕೆಂಡಿನ ಚಿತ್ರ ಮಾಡಿದಳು. ಸ್ತಾಮೆನಾಳ ಮಂಡಿಗಾಗಿ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೂ ಆಗಿರಲಿಲ್ಲ. ಕ್ಯುಚುಕೊವ್ ಪ್ರಕಟಣೆ ಹೊರಡಿಸಿದರು:

'ಈ ಮೂಲಕ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ನೀರನ್ನು ಪರವಾನಗಿ ಪಡೆದ ನೌಕರರಾದ ಶ್ರೀ ವಿದ್ಕೊ ರೆಚ್ಕೊವ್ ಅವರು ಮೇಲಕ್ಕೆ ತರುವರು. ತದನಂತರ ಎಲ್ಲ ಮಹಡಿಗಳೂ ತೊಳೆಯಲ್ಪಟ್ಟಿವೆ ಎಂದು ಭಾವಿಸತಕ್ಕದ್ದು. ಲಿಫ್ಟ್ ದುರಸ್ತಿಯ ಅರ್ಜಿಯನ್ನು, ಈ ವಿಳಾಸದಲ್ಲಿ ಭಾರ ಎತ್ತುವ ಸಾಧನವು ಸುಸ್ಥಿತಿಯಲ್ಲಿರುವ ಕಾರಣ, ಮುಕ್ತಾಯಗೊಳಿಸಲಾಗಿದೆ.'

ಮೊದಲ ವಾರ ಚಿತ್ರಕಾರರು ನಕ್ಕರು. ಎರಡನೆಯ ವಾರ ನಗು ನಿಂತಿತು. ಸ್ತಾಮೆನಾ ಎಂಟು ಗಂಟೆಗೆ ಪರದೆಯ ಮುಂದೆ ಕೂತು ಬಕೆಟ್ಟು ಮೇಲೆ ಬಂದದ್ದನ್ನು ನೋಡಿ, ಪುಸ್ತಕದಲ್ಲಿ ಸಹಿ ಹಾಕಿ, ಕಾಫಿ ಕುಡಿಯುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕಾರಿಡಾರಿನ ಎರಡೂ ತುದಿಗೆ 'ನೆಲ ಒದ್ದೆಯಿದೆ, ಎಚ್ಚರಿಕೆ' ಎಂಬ ಹಳದಿ ಫಲಕ ಇಟ್ಟಳು.

"ಇದ್ಯಾಕೆ ಸ್ತಾಮೆನಕ್ಕ?" ಎಂದು ಮಿಲ್ಕಾ ಕೇಳಿದಳು.

"ತೊಳೆದ ಮೇಲೆ ಇಡಬೇಕು ಅಂತ ನಿಯಮ ಇದೆಯಲ್ಲಮ್ಮ. ಯಾರಾದರೂ ಜಾರಿ ಬಿದ್ದರೆ ನನ್ನ ತಲೆಗೆ ಬರುತ್ತೆ."

ಅಕ್ಟೋಬರಿನ ಹೊತ್ತಿಗೆ ನೆಲದ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ವಾರ್ಷಿಕ ತಪಾಸಣೆಗೆ ಬಂದ ಪರುಶೆವ್ ಫಲಕ ನೋಡಿ ನಿಂತರು. ಕೋಣೆಯಿಂದ ಹೊರಬಂದ ಕ್ಯುಚುಕೊವ್ ಗೋಡೆಯ ಪಕ್ಕಕ್ಕೆ ಸರಿದು, ತುದಿಗಾಲಿನಲ್ಲಿ ಹೆಜ್ಜೆಯಿಡುತ್ತ ಅವರನ್ನು ಎದುರುಗೊಂಡರು. ಪರುಶೆವ್ ಷರಾಯಿಯನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡು ಹಾಗೆಯೇ ಒಳಗೆ ಬಂದರು.

ಮಿಲ್ಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಕೈಯಲ್ಲಿ ಧಾರಾವಾಹಿಯ ಮುಂದಿನ ಭಾಗದ ಕಾಗದಗಳಿದ್ದವು, ವಿಷಯ ಘರ್ಷಣೆ. ನಿರ್ದೇಶಕರ ಸಹಿಗೆ ಅವಳು ಆ ಕಾರಿಡಾರು ದಾಟಿಯೇ ಹೋಗಬೇಕಿತ್ತು.

"ನಿಧಾನ ಕಣಮ್ಮ," ಎಂದಳು ಸ್ತಾಮೆನಾ ಕಾಫಿಯ ಬಟ್ಟಲಿನ ಹಿಂದಿನಿಂದ. "ಈಗ ತಾನೇ ತೊಳೆದಿದೆ."

ಮಿಲ್ಕಾ ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಜಾರದ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತ ದಾಟಿದಳು.