ಪಾಠ ಮರೆಯುವ ಬೋರ್ಡು

ಯಂತ್ರ ರಿಪೇರಿಗೆ ಅಂತ ಹೋಗಿ ಬರೀ ಯಂತ್ರ ನೋಡಿ ವಾಪಸ್ ಬಂದದ್ದು ನನ್ನ ಪಾಲಿಗೆ ಒಂದು ದಿನಾನೂ ಇಲ್ಲ. ಯಾಕೋ ಏನೋ, ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರ್ತಾವೆ.

ಎಂಬತ್ತರ ದಶಕದ ಮಾತು. ಬಳ್ಳಾರಿ ಕಂಟೋನ್ಮೆಂಟಿನ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ನಾನು ಮೆಕ್ಯಾನಿಕ್. ಡಿಪ್ಲೊಮಾ ಮುಗಿಸಿ ಬಂದಿದ್ದೆ, ತಲೆ ತುಂಬ ಹೊಸ ಹುಚ್ಚು. ಅಂಗೈಯಗಲದ ಹಸಿರು ಬೋರ್ಡು, ಅದರ ಮೇಲೊಂದು ಚಿಪ್. ಆ ಚಿಪ್‌ಗೆ ಹಿಂಗ ಮಾಡು, ಹಂಗ ಮಾಡು ಅಂತ ಒಂದು ಸಲ ಪಾಠ ಬರೆದು ಕೂಡಿಸಿದರೆ ಮೋಟರು, ಫ್ಯಾನು, ಗಂಟೆ ಎಲ್ಲ ಅದೇ ನಡೆಸುತ್ತೆ. ಅಂಗಡಿ ಮಾಲೀಕರಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಾನು ಬೆನ್ನು ಬಿಡಲಿಲ್ಲ. ಕೊನೆಗೆ ಬೇಸತ್ತು ಹೇಳಿದರು: "ಎರಡು ಮಿಲ್ಲಿಗೆ ಹಾಕಿ ತೋರ್ಸು. ನಡೀತಂದ್ರ ಬೋರ್ಡು ಮಾಡೂಣು. ಇಲ್ಲಾಂದ್ರ ಸುಮ್ನ ರೇಡಿಯೋ ಮುಂದ ಕುಂದ್ರು, ಮತ್ತ ಆ ಮಾತು ಎತ್ತಬ್ಯಾಡ."

ಜೀವಮಾನವೆಲ್ಲ ರೇಡಿಯೋದ ಮುಳ್ಳು ತಿರುವೋದೋ, ಬೋರ್ಡು ಮಾಡೋದೋ ಅನ್ನೋದು ಆ ಎರಡು ಮಿಲ್ಲಿನ ಮೇಲೆ ನಿಂತಿತು.

೧. ಸಾವ್ಕಾರ್ರ ಜಳಕ

ಮೊದಲನೇದು ಕುರುಗೋಡಿನ ಒಂದು ಶೇಂಗಾ ಎಣ್ಣೆ ಮಿಲ್ಲು. ಬೀಜ ಸುರಿಯೋ ಮೋಟರನ್ನ ಹೊತ್ತಿಗೆ ಸರಿಯಾಗಿ ನಿಲ್ಲಿಸಿ ನಡೆಸೋದು ಬೋರ್ಡಿನ ಕೆಲಸ. ಹಾಕಿ ಬಂದ ಎರಡು ದಿನಕ್ಕೇ ದೂರು ಬಂತು: ನಡುವೆ ನಡುವೆ ನಿಂತು ಮತ್ತೆ ಮೊದಲಿನಿಂದ ಶುರು ಮಾಡ್ತದ. ನಾನು ಹೋದ ದಿನ ಅದು ಅಪ್ಪಟ ಚಿನ್ನದಂಥ ಕೆಲಸ. ವಾಪಸ್ ಬಂದ ಮಾರನೇ ದಿನ ಮತ್ತೆ ಅದೇ ಕಥೆ.

ಅಲ್ಲಿನ ಗುಮಾಸ್ತರು ಭಾಳ ಸೂಕ್ಷ್ಮದ ಮನುಷ್ಯ. ಮೂರು ವಾರ ಬರೆದಿಟ್ಟುಕೊಂಡು ನನಗೆ ತೋರಿಸಿದರು. ಸೋಮವಾರ ಮತ್ತು ಶನಿವಾರ ಬೋರ್ಡು ಸರಿ, ಮಿಕ್ಕ ದಿನ ತಕರಾರು. ನನಗೆ ನಿದ್ದೆ ಬರಲಿಲ್ಲ. ಬೋರ್ಡಿಗೇನು ವಾರ ಗೊತ್ತಾಗುತ್ತಾ? ಶುಕ್ರವಾರವೇ ಹೋಗಿ ಅಲ್ಲೇ ಠಿಕಾಣಿ ಹಾಕಿದೆ.

ಶನಿವಾರ ಬೆಳಿಗ್ಗೆ ಮಿಲ್ಲಿನ ಹಿಂದೆ ಅದರ ಒಡೆಯರಾದ ಸಾವ್ಕಾರ್ರು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಂಡೆ ಮೇಲೆ ಕೂತಿದ್ದರು. ಹಂಡೆಗಟ್ಟಲೆ ನೀರು. ಆ ನೀರು ಸಣ್ಣ ಕಾಲುವೆಯಲ್ಲಿ ಹರಿದು ಒಂದು ಮೂಲೆಯ ಗುಂಡಿಗೆ ಇಳಿಯುತ್ತಿತ್ತು. ಬಗ್ಗಿ ನೋಡಿದೆ. ಇದ್ದಿಲು, ಉಪ್ಪು, ತಾಮ್ರದ ತಂತಿ: ಮಿಲ್ಲಿನ ಅರ್ಥಿಂಗ್ ಗುಂಡಿ. ಅದಕ್ಕೆ ದಿನಾ ನೀರು ಹಾಕಬೇಕು ಅಂತ ಮಿಲ್ಲು ಕಟ್ಟಿದಾಗ ಯಾರೋ ಹೇಳಿದ್ದರಂತೆ, ಎಲ್ಲರೂ ಮರೆತಿದ್ದರು. ನೀರು ಬೀಳದ ದಿನ ಆ ನೆಲ ಒಣಗಿ ಬಿರುಕು ಬಿಡುತ್ತಿತ್ತು. ಹಸಿ ಇದ್ದ ದಿನ ಕರೆಂಟಿನ ಗಲಾಟೆ ಭೂಮಿಗೆ ಇಳಿಯುತ್ತಿತ್ತು, ಒಣಗಿದ ದಿನ ನೇರವಾಗಿ ನನ್ನ ಬೋರ್ಡಿಗೆ ಹೊಡೀತಿತ್ತು. ಸಾವ್ಕಾರ್ರು ಜಳಕ ಮಾಡ್ತಿದ್ದದ್ದು ವಾರಕ್ಕೆ ಎರಡೇ ದಿನ.

ದಿನಾ ಎರಡು ಕೊಡ ನೀರು ಹಾಕಿಸಿ ಅಂದೆ. ಸುಮ್ಮನೆ ನೀರು ಸುರಿಯೋದು ಅವರಿಗೆ ಒಪ್ಪಿಗೆ ಆಗಲಿಲ್ಲ. ಹೆಂಗೂ ಸುರಿಯೋದಾದರೆ ತಾವೇ ದಿನಾ ಜಳಕ ಮಾಡ್ತೀನಿ ಅಂದರು. ಅವತ್ತು ಊಟಕ್ಕೆ ಕೂಡಿಸಿ ಅವರ ಮನೆಯಾಕೆ ನನ್ನ ತಾಟಿಗೆ ಮೂರನೇ ಹೋಳಿಗೆ ಹಾಕಿ ಹೇಳಿದರು: "ಇಪ್ಪತ್ತು ವರ್ಷ ನಾ ಹೇಳಿದ್ರ ಕೇಳಲಿಲ್ಲಪ್ಪ. ನಿನ್ ಮಶೀನು ಒಂದ ತಿಂಗಳದಾಗ ಕೇಳಿಸ್ತು."

೨. ಮೇಸ್ತ್ರಿಯ ಹಲ್ಲು

ಆ ಸಾವ್ಕಾರ್ರೇ ಸಿರುಗುಪ್ಪದ ತಮ್ಮ ಬೀಗರಿಗೆ ನನ್ನ ಹೆಸರು ಹೇಳಿದರು. ಬೀಗರದು ಅಕ್ಕಿ ಮಿಲ್ಲು. ಭತ್ತ ಒಣಗಿಸೋ ಯಂತ್ರಕ್ಕೆ ಬಿಸಿಗಾಳಿ ಎಷ್ಟು ಹೊತ್ತು ಊದಬೇಕು, ಯಾವಾಗ ನಿಲ್ಲಬೇಕು, ಯಾವಾಗ ಗಂಟೆ ಬಾರಿಸಿ ಇಳಿಸಿಕೊಳ್ಳಿ ಅನ್ನಬೇಕು, ಇಷ್ಟು ನನ್ನ ಬೋರ್ಡಿನ ಪಾಠ.

ಅಲ್ಲಿ ಒಬ್ಬ ಮುದುಕ ಮೇಸ್ತ್ರಿ ಇದ್ದರು. ಭತ್ತ ಒಣಗಿತೋ ಇಲ್ಲವೋ ಅಂತ ಮೂವತ್ತು ವರ್ಷದಿಂದ ಹೇಳುತ್ತಿದ್ದವರು ಅವರೇ. ಒಂದು ಕಾಳು ಮುಂದಿನ ಹಲ್ಲಿಗೆ ಇಟ್ಟು ಕಟಕ್ ಅನ್ನಿಸೋದು, ಮಿಲ್ಲು ನಡೆಯೋದು ಆ ಸದ್ದಿನ ಮೇಲೆ. ಮೊದಲ ದಿನ ನನ್ನ ಬೋರ್ಡು ಗಂಟೆ ಬಾರಿಸಿತು. ಮೇಸ್ತ್ರಿ ಕಾಳು ಕಚ್ಚಿ, ಇನ್ನರ್ಧ ತಾಸು ಬೇಕು ಅಂದರು. ನಾನು ಪುಸ್ತಕ ತೋರಿಸಿದೆ. ಅವರು ಹಲ್ಲು ತೋರಿಸಿದರು. ಅಲ್ಲಿನ ಸಾವ್ಕಾರ್ರು, ಅಂದರೆ ಆ ಬೀಗರು, ನನ್ನ ಗಂಟೆಗೆ ಇಳಿಸಿದ ಭತ್ತ ಅಕ್ಕಿ ಮಾಡಿಸಿ ನೋಡಿದರೆ ಅರ್ಧಕ್ಕರ್ಧ ನುಚ್ಚು.

ಪಾಠ ತಿದ್ದೋದು ಅಂದರೆ ಆಗ ಸುಲಭದ ಮಾತಲ್ಲ. ಆ ಚಿಪ್‌ನ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಗಾಜಿನ ಕಿಟಕಿ. ಬಳ್ಳಾರಿಗೆ ಒಯ್ದು, ಕಿಟಕಿಗೆ ಅರ್ಧ ಗಂಟೆ ನೇರಳೆ ದೀಪ ಹಿಡಿದರೆ ಹಳೇ ಪಾಠ ಅಳಿಯುತ್ತೆ. ಆಮೇಲೆ ಹೊಸದು ಬರೆದು, ಕಿಟಕಿಗೆ ಕರಿ ಪಟ್ಟಿ ಅಂಟಿಸಿ, ಮತ್ತೆ ಸಿರುಗುಪ್ಪದ ಬಸ್ಸು. ಹಿಂಗ ಮೂರು ಸಲ ತಿರುಗಿದೆ. ಮೂರನೇ ಸಲ ಗಂಟೆ ಬಾರಿಸಿದ್ದಕ್ಕೂ ಮೇಸ್ತ್ರಿ ತಲೆ ಆಡಿಸಿದ್ದಕ್ಕೂ ಸರಿಹೋಯಿತು. ಇದೆಲ್ಲ ವಿಜ್ಞಾನದ ಪ್ರಕಾರ ಅಂತ ಸಾವ್ಕಾರ್ರಿಗೆ ಹೇಳುತ್ತಿದ್ದೆ, ಮೇಸ್ತ್ರಿ ಪಕ್ಕದಲ್ಲೇ ಬೀಡಿ ಹಚ್ಚುತ್ತಾ ಅಂದರು: "ಹೌದ್ರಿ. ನನ್ ಹಲ್ಲ ತಂದು ಆ ಬೋರ್ಡಿಗೆ ಕಟ್ಯಾನ."

೩. ಕಣ್ಣಿನ ಪಟ್ಟಿ

ಹತ್ತು ದಿನ ಭೇಷಾಗಿ ನಡೀತು. ಹನ್ನೊಂದನೇ ದಿನ ಬೋರ್ಡಿಗೆ ತಲೆ ಕೆಟ್ಟಿತು. ಊದಬೇಕಾದಾಗ ಗಂಟೆ, ಗಂಟೆ ಬಾರಿಸಬೇಕಾದಾಗ ಮೌನ. ಬಸ್ಸಿನಲ್ಲಿ ತರಿಸಿಕೊಂಡ ಚಿಪ್ ಓದಿಸಿ ನೋಡಿದರೆ ಪಾಠದಲ್ಲಿ ಅಲ್ಲಲ್ಲಿ ತೂತು; ಕಿಟಕಿಯ ಪಟ್ಟಿ ದಾರಿಯಲ್ಲಿ ಉದುರಿರಬೇಕು ಅಂದುಕೊಂಡೆ. ಅಳಿಸಿ ಹೊಸದಾಗಿ ಬರೆದು ಕೂಡಿಸಿದೆ. ಎರಡು ವಾರಕ್ಕೆ ಮತ್ತೆ ಮರೆವು. ಮತ್ತೊಂದು ಸಲ ಹಿಂಗಾದರೆ ಕಿತ್ತು ಕಳಿಸ್ತೀನಿ ಅಂದರು ಸಾವ್ಕಾರ್ರು. ಅಂಗಡಿ ಮಾಲೀಕರು ರಿಪೇರಿಗೆ ಬಂದ ನಾಲ್ಕು ರೇಡಿಯೋ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಮೂರನೇ ಸಲವೂ ಆಯಿತು. ಇದು ಮೇಸ್ತ್ರಿಯದೇ ಕೈವಾಡ ಅಂತ ನನಗೆ ಖಾತ್ರಿ. ಬೋರ್ಡು ಬಂದರೆ ಅವರ ಹಲ್ಲಿಗೆ ಏನು ಕೆಲಸ? ಬರ್ತೀನಿ ಅಂತ ಹೇಳದೆ ಮೊದಲ ಬಸ್ಸಿಗೆ ಹೋಗಿ ಗೋಣಿಚೀಲದ ಒಟ್ಟಿಲ ಹಿಂದೆ ಅಡಗಿ ನಿಂತೆ.

ಬಿಸಿಲು ಏರುತ್ತಿದ್ದಂತೆ ಮೇಸ್ತ್ರಿ ಬಂದರು. ಪಡಸಾಲೆ ಗೋಡೆಯಲ್ಲಿ ಬೋರ್ಡು ಇಟ್ಟಿದ್ದ ಪೆಟ್ಟಿಗೆಯ ಬಾಗಿಲು ಅಗಲಕ್ಕೆ ತೆಗೆದರು. ಪಂಚೆಯ ತುದಿಯಿಂದ ಚಿಪ್‌ನ ಕಿಟಕಿ ಒರೆಸಿ ಕೈ ಮುಗಿದರು. ಕಿಟಕಿಯ ಮೇಲೆ ನನ್ನ ಕರಿ ಪಟ್ಟಿ ಇರಲೇ ಇಲ್ಲ. ಎದುರಿಗೆ ಭತ್ತ ಹರವಿದ ಕಣ, ಕಣದ ಮೇಲಿನ ಬಿಸಿಲೆಲ್ಲ ನೇರವಾಗಿ ಆ ಕಿಟಕಿಗೆ. ನೇರಳೆ ದೀಪ ಅರ್ಧ ಗಂಟೆಯಲ್ಲಿ ಮಾಡೋ ಕೆಲಸವನ್ನ ನಮ್ಮ ಸೂರ್ಯ ಹತ್ತು ದಿನದಲ್ಲಿ ಮಾಡಿ ಮುಗಿಸುತ್ತಿದ್ದ.

ನಾನು ಹೊರಗೆ ಬಂದು ಸಿಟ್ಟಿನಲ್ಲೇ ಕೇಳಿದೆ, ಪಟ್ಟಿ ಯಾಕ್ ಕಿತ್ತೀರಿ ಅಂತ. ಮೇಸ್ತ್ರಿ ನನ್ನನ್ನೇ ಬೈಯುವಂತೆ ನೋಡಿದರು.

"ಅಲ್ಲ ತಮ್ಮಾ, ಅದಕ್ಕಿರೋದು ಒಂದ ಕಣ್ಣು. ಅದಕ್ಕೂ ಪಟ್ಟಿ ಕಟ್ಟಿ ಹೋಗ್ತಿ. ಭತ್ತ ಹೆಂಗ ನೋಡಬೇಕದು?"

ನನಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಪಾಪ, ಪ್ರತಿ ಸಲ ನಾನು ಮರೆತು ಹೋದೆ ಅಂತ ತಿಳಿದು ಅವರೇ ಜೋಪಾನವಾಗಿ ಬಿಚ್ಚಿದ್ದಾರೆ. ಕಿತ್ತ ಮೂರೂ ಪಟ್ಟಿಗಳನ್ನ ಬಿಸಾಡದೆ ಪೆಟ್ಟಿಗೆಯ ಅಡಿಗೆ ಅಂಟಿಸಿ ಇಟ್ಟಿದ್ದರು.

೪. ಇನ್ನೊಂದು ಬಿಸಿಲು

ಸಾವ್ಕಾರ್ರಿಗೆ ನಗು ಬಂತು, ಆದರೂ ಮಾತು ಸಡಿಲಿಸಲಿಲ್ಲ. ಇನ್ನು ಒಂಬತ್ತು ದಿನಕ್ಕೆ ದೇಶನೂರು ಕಡೆಯಿಂದ ಹೊಸ ಭತ್ತ ಬರುತ್ತೆ, ಅಷ್ಟರೊಳಗೆ ಬೋರ್ಡು ನಡೀಬೇಕು, ಇಲ್ಲಾಂದರೆ ವಾಪಸ್. ಅರ್ಧ ಮರೆತ ಚಿಪ್ ಮೇಲೆ ಹೊಸ ಪಾಠ ಕೂಡುವುದಿಲ್ಲ, ಪೂರ್ತಿ ಅಳಿಸಲೇಬೇಕು. ಬಳ್ಳಾರಿಗೆ ಬಂದು ದೀಪ ಹಚ್ಚಿದರೆ ದೀಪವೇ ಸುಟ್ಟುಹೋಗಿತ್ತು. ಹೊಸ ದೀಪಕ್ಕೋ ಹೊಸ ಚಿಪ್‌ಗೋ ಬೆಂಗಳೂರಿಗೆ ಬರೆದರೆ ತಿಂಗಳ ಮಾತು.

ಸಪ್ಪೆ ಮೋರೆ ಹಾಕಿಕೊಂಡು ಮಿಲ್ಲಿಗೆ ಹೋಗಿ ಹೇಳಿದೆ. ಮೇಸ್ತ್ರಿ ಕೇಳಿದ್ದು ಒಂದೇ: ಬಿಸಿಲಿಗೆ ಅಳೀತೈತಿ ಅಂದೆಲ್ಲ, ಹಂಗಾದ್ರ ಬಿಸಿಲಿಗೇನು ಬರ? ನಾ ಕೆಡಿಸೀನಿ, ನಾನ ಒಣಗಿಸಿ ಕೊಡ್ತೀನಿ ಅಂತ ಚಿಪ್ ಇಸಕೊಂಡರು.

ಏಳು ದಿನ ಅದು ಕಣದಲ್ಲಿತ್ತು. ಭತ್ತದ ಪಕ್ಕ ಒಂದು ಹಿತ್ತಾಳೆ ತಟ್ಟೆ, ತಟ್ಟೆಯ ನಡುವೆ ಚಿಪ್. ಸೂರ್ಯ ಸರಿದಂಗೆಲ್ಲ ಮೇಸ್ತ್ರಿ ತಟ್ಟೆ ತಿರುಗಿಸುತ್ತಿದ್ದರು. ಗುಬ್ಬಿ ಓಡಿಸಲಿಕ್ಕೆ ಒಂದು ಕೋಲು ಬೇರೆ. ಏಳನೇ ದಿನ ಸಂಜೆ ನಾನು ಇಸಕೊಳ್ಳಲು ಹೋದೆ. ಮೇಸ್ತ್ರಿ ಚಿಪ್ ಎತ್ತಿ, ಅದರ ಮೂಲೆಯನ್ನ ಮುಂದಿನ ಹಲ್ಲಿಗೆ ಇಟ್ಟು ಕಟಕ್ ಅನ್ನಿಸಿದರು.

"ಇನ್ನೂ ಹಸಿ ಐತಿ ತಮ್ಮಾ. ಇನ್ನೊಂದು ಬಿಸಿಲು ಬೇಕು."

ನಾನು ನಕ್ಕು, ಚಿಪ್ ಇಸಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿನ ಮೋಕಾ ಊರು ದಾಟೋ ತನಕ ನಗುತ್ತಲೇ ಇದ್ದೆ. ಅಂಗಡಿಯಲ್ಲಿ ಚಿಪ್ ಓದಿಸಿದರೆ ಕೆಂಪು ದೀಪ. ಪಾಠ ಕೂರುವ ಎರಡು ಸಾವಿರ ಮನೆಗಳಲ್ಲಿ ಒಂದೇ ಒಂದು ಮನೆ ಖಾಲಿಯಾಗದೆ ಉಳಿದಿತ್ತು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಚಿಪ್ ಮತ್ತೆ ತಟ್ಟೆಯಲ್ಲಿಟ್ಟೆ. ಮೇಸ್ತ್ರಿ ತಟ್ಟೆ ಬಿಸಿಲಿಗೆ ತಿರುಗಿಸಿದರು. ಸಂಜೆ ಕಚ್ಚಿ ನೋಡಿ, ಈಗ ಒಯ್ಯಿ ಅಂದರು. ಅಂಗಡಿಯಲ್ಲಿ ಹಸಿರು ದೀಪ ಬಂತು. ಪಾಠ ಬರೆದು, ಕರಿ ಪಟ್ಟಿ ಅಂಟಿಸಿ, ಲಾರಿಗಳು ಬರೋ ಹೊತ್ತಿಗೆ ಬೋರ್ಡು ಗೋಡೆಗೆ ಸೇರಿತ್ತು. ಆಮೇಲೆ ಅದು ಎಂದೂ ಮರೆಯಲಿಲ್ಲ. ನನ್ನ ಮೇಜಿನ ಮೇಲಿದ್ದ ನಾಲ್ಕು ರೇಡಿಯೋಗಳನ್ನ ಮಾಲೀಕರೇ ಎತ್ತಿ ತಮ್ಮ ಮೇಜಿಗೆ ಇಟ್ಟುಕೊಂಡರು.

ತಿಂಗಳ ಮೇಲೆ ಹೊಸ ನೇರಳೆ ದೀಪ ಬಂತು. ಮೊದಲ ಚಿಪ್ ಅಳಿಸಿ ಹೊರಗೆ ತೆಗೆದೆ. ಯಾವಾಗ ಬಾಯಿಗೆ ಹೋಯಿತೋ ನನಗೇ ಗೊತ್ತಿಲ್ಲ, ಮೂಲೆ ಕಚ್ಚಿ ನಿಂತಿದ್ದೆ. ಮಾಲೀಕರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಬೈತಾರೆ ಅಂದುಕೊಂಡೆ.

"ಏನಂತೈತಿ?" ಅಂದರು.

"ಇನ್ನೊಂದು ಹತ್ತು ನಿಮಿಷ ಬೇಕ್ರಿ" ಅಂದೆ.

ಅವರು ಎದ್ದು ಹೋಗಿ ದೀಪದ ಸ್ವಿಚ್ ಹಾಕಿದರು.